ಬಾಗಿಲು ತೆರೆದಿತ್ತು

ಮಾರ್ಚ್ 3, ಸೋಮವಾರ

ಹಿಂದೆ ಮಿಲ್ಲಿನವರು ಕೊಡ್ತೀವಿ ಅಂದದ್ದು: ಮೇಲಿನ ಮಹಡಿಯ ಹಿಂದಿನ ಬಾಗಿಲು ಪಾಳಿ ಹೊತ್ತಲ್ಲಿ ಸದಾ ತೆರೆದಿರುತ್ತೆ. ಮಗ್ಗದ ಶೆಡ್ಡಿನವರಿಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ಹತ್ತಿಧೂಳು ಎಳೆಯೋಕೆ ಫ್ಯಾನು. ಬೆಂಕಿಯಲ್ಲಿ ಸತ್ತವರ ಹೆಸರಿನ ಕಲ್ಲು, ಗೇಟಿನ ಒಳಗೆ.

ಇವತ್ತು ಸಂಘದಿಂದ ಹೋಗಿ ಕೇಳಿದಾಗ ಇಲ್ಲ ಅಂದದ್ದು: ಕಲ್ಲು — ನೋಡಿದವರಿಗೆ ಬೇಜಾರಾಗುತ್ತಂತೆ. ಫ್ಯಾನು — ಮುಂದಿನ ವರ್ಷ. ಕಿವಿ ಪರೀಕ್ಷೆ — ಯಾರ ಕಿವಿಗೂ ಏನೂ ಆಗಿಲ್ಲವಂತೆ. ಈ ಮಾತನ್ನು ಮ್ಯಾನೇಜರು ಮೂರು ಸಲ ಹೇಳಬೇಕಾಯ್ತು, ನಮಗ್ಯಾರಿಗೂ ಕೇಳಿಸಲಿಲ್ಲ. ಬಾಗಿಲು — ಬೀಗ ಕಿತ್ತುಹಾಕಿ ಅಂದೆವು. "ತೆರೆದೇ ಇರೋ ಬಾಗಿಲಿಗೆ ಬೀಗ ನೇತಾಡ್ತಿದ್ದರೆ ನಿಮಗೇನು ಕಷ್ಟ" ಅಂದರು.

ಕೊಟ್ಟದ್ದು: ಸಿನಿಮಾ.

ಬೆಂಕಿ ಬಿದ್ದು ಇಪ್ಪತ್ತು ವರ್ಷ. ಆವಾಗ ನಮ್ಮ ಸತ್ತವರ ಹೆಸರಲ್ಲಿ ದೊಡ್ಡ ಮೈದಾನದಲ್ಲಿ ಒಂದು ರಾಕ್ ಕಾನ್ಸರ್ಟ್ ನಡೆದಿತ್ತು. ಅದರ ಫಿಲ್ಮನ್ನು ಈಗ ತೊಳೆದು, ಉಜ್ಜಿ, ಹೊಸ ಪ್ರಿಂಟ್ ಮಾಡಿಸಿದ್ದಾರೆ. ಭಾನುವಾರ ಬೆಳಗ್ಗೆ ಟಾಕೀಸಿನಲ್ಲಿ ಮಿಲ್ಲಿನವರಿಗೆಲ್ಲ ಪುಕ್ಕಟೆ. ಅವತ್ತು ನಮ್ಮನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಈಗ ಕುರ್ಚಿ ಕೊಡ್ತಾರೆ. ಏಳಿಗೆ ಅಂದರೆ ಇದೇ ಇರಬೇಕು.


ಮಾರ್ಚ್ 6, ಗುರುವಾರ

ನನ್ನ ಹದಿನಾಲ್ಕನೇ ಮಗ್ಗ ಬೆಳಗ್ಗೆಯಿಂದ ಎಳೆ ಕಡೀತಾ ಇದೆ. ನೂಲು ಹೊತ್ತು ಓಡೋ ಲಾಳಿ ಸರಿಯಿಲ್ಲ. ಮೇಸ್ತ್ರಿಗೆ ಹೇಳಿದೆ. ನೋಡ್ತೀನಿ ಅಂದ. ನೋಡಿದ. ಹೋದ.

ಶೆಡ್ಡಿನಲ್ಲಿ ಯಾರೂ ದನಿ ತೆಗೆಯೋದಿಲ್ಲ. ತೆಗೆದರೂ ಮಗ್ಗದ ಸದ್ದಿನಲ್ಲಿ ಸತ್ತುಹೋಗುತ್ತೆ. ತುಟಿಮಾತು — ಬರೀ ತುಟಿ ಅಗಲಿಸಿ, ಬಿಡಿಸಿ ಬಿಡಿಸಿ ಹೇಳೋದು. ಶೆಡ್ಡಿನ ಆ ಕೊನೆಗೆ ನಿಂತವಳ ಸಂಸಾರದ ಗುಟ್ಟು ಈ ಕೊನೆಗೆ ಗೊತ್ತಾಗುತ್ತೆ. ಕೆಪ್ಪಕ್ಕ ಇದರಲ್ಲಿ ಎಲ್ಲರಿಗಿಂತ ಮೇಲು. ಪಕ್ಕದ ಮಗ್ಗದವಳು, ನನಗಿಂತ ಹಿರಿಯಳು, ಕಿವಿ ಪೂರ್ತಿ ಹೋಗಿದೆ. ಹೆಸರು ಅವಳೇ ಇಟ್ಟುಕೊಂಡದ್ದು. "ಬೇರೆಯವರು ಬೆನ್ನ ಹಿಂದೆ ಕರೆಯೋದಕ್ಕಿಂತ ನಾನೇ ಎದುರಿಗೆ ಕರ್ಕೊಳ್ಳೋದು ಮೇಲು" ಅಂತಾಳೆ.

ನಾನು ಸಾಕಿದ ಹುಡುಗಿ, ತಂಗಿಯ ಮಗಳು, ಸಂಜೆ ಕೇಳಿದಳು — "ದೊಡ್ಡಮ್ಮ, ಫಿಲ್ಮಲ್ಲಿ ಸ್ಟೇಜ್ ಹಿಂದೆ ಅಮ್ಮನ ಫೋಟೋ ಕಾಣುತ್ತಂತೆ, ಹೌದಾ?"

ಹೌದು ಅಂದೆ. ಸತ್ತವರೆಲ್ಲರದ್ದೂ ಹಾಕಿದ್ದರು. ನನ್ನ ತಂಗಿಯದ್ದು ಎಡದಿಂದ ಎರಡನೆಯದು. ಅವಳು ಸತ್ತಾಗ ಈ ಹುಡುಗಿಗೆ ಹಲ್ಲು ಪೂರ್ತಿ ಬಂದಿರಲಿಲ್ಲ. ಈಗ ಅದೇ ಮೇಲಿನ ಮಹಡಿಯಲ್ಲಿ, ಬಟ್ಟೆ ಇಸ್ತ್ರಿ ಮಾಡಿ ಮಡಚೋ ಕೆಲಸ. ಬೇಡ ಅಂದಿದ್ದೆ. ಬೇರೆ ಕೆಲಸ ಎಲ್ಲಿದೆ ಅಂದಳು.

"ಮೇಲೆ ಹಿಂದಿನ ಬಾಗಿಲು ತೆರೆದಿರುತ್ತಾ?" ಕೇಳಿದೆ.

"ಯಾರಿಗೆ ಗೊತ್ತು. ಅದರ ಮುಂದೆ ಬಟ್ಟೆ ಮೂಟೆ ಒಟ್ಟಿರ್ತಾರೆ."


ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಮೊದಲಿನಿಂದ ಬರೀತೀನಿ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರಲ್ಲ.

ಟಾಕೀಸು ತುಂಬಿತ್ತು. ಮುಂದಿನ ಸಾಲಿನಲ್ಲಿ ಮ್ಯಾನೇಜರು, ಅವರ ಹೆಂಡತಿ, ಆಫೀಸಿನವರು. ಎರಡನೇ ಸಾಲಿನ ತುದಿಯಲ್ಲಿ ಮೇಸ್ತ್ರಿ. ಅವನ ಹಿಂದೆ ಐದಾರು ಸಾಲು ಬಿಟ್ಟು ನಾವು, ಮಗ್ಗದವರು. ನನ್ನ ಎಡಕ್ಕೆ ಹುಡುಗಿ, ಬಲಕ್ಕೆ ಕೆಪ್ಪಕ್ಕ.

ಶುರುವಾಯ್ತು. ಹಗಲಿನ ಮೈದಾನ, ಕಣ್ಣು ಕುಕ್ಕುವ ಬಿಸಿಲು. ಸ್ಟೇಜಿನ ಎರಡೂ ಕಡೆ ಬೀರು ಪೇರಿಸಿದ ಹಾಗೆ ಸ್ಪೀಕರುಗಳು. ಉದ್ದ ಕೂದಲು, ಬರಿಗಾಲು, ಎದೆ ಬಿಚ್ಚಿದ ಅಂಗಿ. ಡ್ರಮ್ಮಿನವನು ಯಾರ ಮೇಲೋ ಸೇಡು ತೀರಿಸಿಕೊಳ್ಳೋ ಹಾಗೆ ಬಡಿಯುತ್ತಿದ್ದ. ಹಾಡು ನನಗೆ ಅರ್ಧಂಬರ್ಧ ಕೇಳಿತು. ಆದರೆ ಬೇಸ್ ಗಿಟಾರು ಕುರ್ಚಿಯ ಕೆಳಗಿನಿಂದ ಹತ್ತಿ ಬಂದು ಬೆನ್ನುಮೂಳೆಗೆ ಸೇರಿತು. ಕೆಪ್ಪಕ್ಕ ಎರಡೂ ಅಂಗೈ ಕುರ್ಚಿ ಕೈಗೆ ಒತ್ತಿ ಕೂತಿದ್ದಳು. ನನ್ನ ಕಡೆ ತಿರುಗಿ ತುಟಿಮಾತಿನಲ್ಲಿ — "ಇವನ ಪ್ಯಾಂಟು ನಮ್ಮ ಮಿಲ್ಲಿನದ್ದಾಗಿದ್ರೆ ಮೊದಲನೇ ಹಾಡಿಗೇ ಹರಿದಿರ್ತಿತ್ತು."

ಹಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಬೆವರು ನಿಜವಾದದ್ದು. ಎಲ್ಲಿಂದಲೋ ಬಂದು, ಯಾರದೋ ಸತ್ತವರಿಗಾಗಿ ಗಂಟಲು ಹರಿದುಕೊಂಡರು. ಆ ಗಂಟಲು ದುಡಿದ ದುಡ್ಡು ಸತ್ತವರ ಮನೆಗೆ ಬರದೆ ಆಫೀಸಿನ ಮುಂದಿನ ಕಾರಂಜಿಯಾಯಿತು ಅನ್ನೋದು ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ತಂಗಿಯ ಫೋಟೋ ಬಂತು. ಹುಡುಗಿ ನನ್ನ ಕೈ ಹಿಡಿದಳು. ಬಿಡಲಿಲ್ಲ.

ಆಮೇಲೆ ಆ ನಿಧಾನದ ಹಾಡು. ಹಾಡುವವನ ಮುಖ ಪರದೆ ತುಂಬ. ಅವನ ಭುಜದ ಹಿಂದೆ, ಸ್ಟೇಜಿನ ಪಕ್ಕದ ಬಟ್ಟೆಯ ಮರೆಯಲ್ಲಿ ಇಬ್ಬರು ನಿಂತಿದ್ದರು. ಹಳೇ ಕಾಪಿ ನಾನು ನೋಡಿದ್ದೇನೆ — ಅಲ್ಲಿ ಎರಡು ಬೂದು ಕಲೆ ಅಷ್ಟೇ. ಈಗ ಉಜ್ಜಿದ್ದಾರಲ್ಲ. ಅಂಗಿಯ ಗುಂಡಿ ಸಹ ಕಾಣ್ತಿತ್ತು. ಒಬ್ಬರು ಮ್ಯಾನೇಜರು, ತಲೆತುಂಬ ಕೂದಲಿದ್ದ ಕಾಲದವರು. ಇನ್ನೊಬ್ಬ ಮೇಸ್ತ್ರಿ. ಆಗ ಮೇಸ್ತ್ರಿ ಅಲ್ಲ, ನಮ್ಮ ಹಾಗೆ ಮಗ್ಗದವನು. ಕಾರ್ಮಿಕರ ಪರವಾಗಿ ಹಾರ ಹಾಕಿಸಿಕೊಳ್ಳೋಕೆ ಅವನನ್ನು ಕರೆದಿದ್ದರು.

ಆ ಗದ್ದಲದಲ್ಲಿ ಮ್ಯಾನೇಜರು ಅವನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು. ಅವರ ಅರ್ಧ ಬಾಯಿ ಮಾತ್ರ ಕಂಡಿತು. ಅವನದ್ದು ಪೂರ್ತಿ. ಗದ್ದಲ ಇದ್ದಲ್ಲಿ ಮಗ್ಗದವನು ದನಿ ಎತ್ತೋದಿಲ್ಲ, ತುಟಿ ಬಿಡಿಸುತ್ತಾನೆ. ಅಭ್ಯಾಸ. ಅವನೂ ಬಿಡಿಸಿದ.

ಅವನು: "ಬೀಗದ ಕೈ ಮನೇಲಿದೆ."

ಮ್ಯಾನೇಜರು ಏನೋ ಅಂದರು — ಎಸೆದುಬಿಡು ಅಂದ ಹಾಗೆ ಕಂಡಿತು.

ಅವನು: "ನಾಳೆ ವಿಚಾರಣೇಲಿ ಕೇಳಿದ್ರೆ?"

ಮ್ಯಾನೇಜರು ಏನೋ ಅಂದರು.

ಅವನು: "ಬಾಗಿಲು ತೆರೆದಿತ್ತು."

ಮ್ಯಾನೇಜರು ಬೆರಳೆತ್ತಿದರು. ಇನ್ನೊಂದು ಸಲ.

"ಬಾಗಿಲು ತೆರೆದಿತ್ತು."

ಮತ್ತೆ.

"ಬಾಗಿಲು ತೆರೆದಿತ್ತು. ಅವರೇ ಗಾಬರಿಯಾಗಿ ದಾರಿ ತಪ್ಪಿದರು."

ಮುಂದುಗಡೆ ಹಾಡುವವನು ಕಣ್ಣು ಮುಚ್ಚಿ ಎರಡೂ ಕೈ ಎತ್ತಿದ. ಮೈದಾನ ಪೂರ್ತಿ ಕೈ ಎತ್ತಿತು. ಹಿಂದೆ ನನ್ನ ತಂಗಿಯ ಸಾವಿನ ಪಾಠ ಒಪ್ಪಿಸೋದು ನಡೀತಿತ್ತು.


ಅದೇ ದಿನ, ಸಂಜೆ

ಮಧ್ಯಾಹ್ನ ಬರೆಯೋಕಾಗದೆ ಬಿಟ್ಟದ್ದು ಇದು.

ಕೆಪ್ಪಕ್ಕ ನನ್ನ ತೋಳು ಹಿಂಡಿದಳು. "ನೋಡಿದ್ಯಾ?" — ತುಟಿಯಲ್ಲಿ. "ನೋಡಿದೆ." "ಬೀಗ ಹಾಕಿದ್ದ." "ಹಾಕಿದ್ದ. ಕೈ ಅವನ ಹತ್ರ ಇತ್ತು." "ಇವನೇ ಕೊಂದದ್ದು." ಹಿಂದಿನ ಸಾಲಿನವಳು ಬಗ್ಗಿ ಅವಳೂ ತುಟಿ ಆಡಿಸಿದಳು. ಕತ್ತಲು, ಗಿಟಾರಿನ ಗದ್ದಲ, ದನಿಯಿಲ್ಲದ ಮಾತು — ಯಾರಿಗೆ ತಿಳಿಯುತ್ತೆ ಅಂತ ನಮ್ಮ ಧೈರ್ಯ. ಇಪ್ಪತ್ತೈದು ವರ್ಷ ಮ್ಯಾನೇಜರ ಕಣ್ಣೆದುರೇ ಅವರನ್ನು ಬೈದು ದಕ್ಕಿಸಿಕೊಂಡವರು ನಾವು.

ಪರದೆಯ ಬಿಸಿಲು ನಮ್ಮ ಮುಖದ ಮೇಲೇ ಬಿದ್ದಿತ್ತು.

ತಲೆ ಎತ್ತಿದೆ. ಎರಡನೇ ಸಾಲಿನ ತುದಿಯಲ್ಲಿ ಮೇಸ್ತ್ರಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ನಮ್ಮ ಬಾಯಿ ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ.

ಅವನೂ ಶೆಡ್ಡಿನಲ್ಲೇ ಬೆಳೆದವನು ಅನ್ನೋದು ನಮಗೆ ಮರೆತೇ ಹೋಗಿತ್ತು.

ಹುಡುಗಿಗೆ ಏನೂ ಗೊತ್ತಿಲ್ಲ. ಮೇಲಿನ ಮಹಡಿ ಸದ್ದಿಲ್ಲದ ಜಾಗ, ತುಟಿಮಾತು ಅವಳಿಗೆ ಬರೋದಿಲ್ಲ. ಬರ್ತಾ ದಾರಿಯಲ್ಲಿ ಅದೇ ನಿಧಾನದ ಹಾಡನ್ನು ಗುನುಗುತ್ತಿದ್ದಳು. ಬಾಯಿ ಮುಚ್ಚು ಅಂದೆ. ಯಾಕೆ ಅಂದಳು. ತಲೆನೋವು ಅಂದೆ.


ಮಾರ್ಚ್ 10, ಸೋಮವಾರ

ಪಾಳಿ. ಮೇಸ್ತ್ರಿ ನನ್ನ ಮಗ್ಗದ ಎದುರು ನಿಂತ. ಹದಿನಾಲ್ಕನೆಯದರ ಲಾಳಿ ತಾನೇ ಬದಲಾಯಿಸಿದ. ಹೇಳದೆ ಕೇಳದೆ. ಹೊರಡುವಾಗ ತುಟಿ ಬಿಡಿಸಿದ — "ನಿಮ್ಮ ಹುಡುಗಿ ಮೇಲೇ ಇದ್ದಾಳಲ್ವಾ?"

ಅಷ್ಟೇ.


ಮಾರ್ಚ್ 11, ಮಂಗಳವಾರ

ಕೆಪ್ಪಕ್ಕ ಹೆದರಿಲ್ಲ. "ನಾಳೆ ಗೇಟ್ ಮುಂದೆ ನಿಂತು ಹೇಳ್ತೀನಿ. ನಂಗೇನು ಮಾಡ್ತಾರೆ, ಬೈದರೂ ಕೇಳಿಸಲ್ಲ."

ತಡಿ ಅಂದೆ. ಯಾಕೆ ತಡೀಬೇಕು ಅಂದಳು. ಹುಡುಗಿ ಮೇಲಿದ್ದಾಳೆ ಅಂದೆ. ಅವಳು ತನ್ನ ಮಗ್ಗದ ಕಡೆ ತಿರುಗಿದಳು. ಲಾಳಿ ಓಡ್ತಾನೇ ಇತ್ತು.


ಮಾರ್ಚ್ 17, ಸೋಮವಾರ

ಬರೆಯಲಿಲ್ಲ. ಬರೆಯೋಕೆ ಕೂತರೆ ಬಾಗಿಲ ಕಡೆ ಬೆನ್ನು ಬರುತ್ತೆ. ಮೇಜು ತಿರುಗಿಸಿದೆ.

ಕಿವಿ ಪರೀಕ್ಷೆ ಬಂತು. ಹೌದು, ನಾವು ವರ್ಷಗಟ್ಟಲೆ ಕೇಳಿದ್ದೇ. ಒಬ್ಬಳಿಗೆ ಮಾತ್ರ. ಗುರುವಾರ ಕೆಪ್ಪಕ್ಕನನ್ನು ಆಫೀಸಿಗೆ ಕರೆದರು, ತಲೆಗೆ ಯಂತ್ರ ಹಾಕಿದರು, ಸದ್ದು ಬಂದಾಗ ಬೆರಳೆತ್ತು ಅಂದರು. ಅವಳು ಡಾಕ್ಟರ ಮುಖ ನೋಡಿ ನೋಡಿ ಸರಿಯಾಗೇ ಬೆರಳೆತ್ತಿದಳಂತೆ. ಗೋಡೆ ಕಡೆ ತಿರುಗಿ ಕೂರಿಸಿದರು. ಶುಕ್ರವಾರ ಬೆಳಗ್ಗೆ ಗೇಟಿನವನು ತಡೆದ — ಕೆಲಸಕ್ಕೆ ಯೋಗ್ಯಳಲ್ಲ, ಅಪಾಯದ ಗಂಟೆ ಕೇಳಿಸುವುದಿಲ್ಲ, ಮನೆಗೆ ಹೋಗಬಹುದು.

ಕಿವಿ ತಿಂದವರೇ ಕಿವಿ ಎಲ್ಲಿ ಅಂತ ಕೇಳಿ ಹೊರಗೆ ಹಾಕಿದರು.

ಅವಳ ಮನೆಗೆ ಹೋಗಿದ್ದೆ. ಬಟ್ಟೆ ಒಗೀತಿದ್ದಳು, ಒಗೆದದ್ದನ್ನೇ ಮತ್ತೆ. "ಮನೇಲಿ ಎಷ್ಟು ನಿಶ್ಶಬ್ದ ಮಾರಾಯ್ತಿ, ಕಾಲ ಕೆಳಗೆ ನೆಲಾನೇ ಅಲುಗಲ್ಲ" ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಇದು ಮೇಸ್ತ್ರಿ ಹೇಳಿಕೊಟ್ಟದ್ದು. ಮುಂದಿನದು ನಾನು. ಅಥವಾ ಹುಡುಗಿ.


ಮಾರ್ಚ್ 18, ಮಂಗಳವಾರ

ಸಂಘದ ಕಾರ್ಯದರ್ಶಿ ಹತ್ತಿರ ಹೋದೆ. ಹುಡುಗನ ವಯಸ್ಸು, ವಕೀಲಿ ಓದಿದ್ದಾನೆ, ಒಳ್ಳೆಯವನು. ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ.

"ಅಕ್ಕ, ನಿಮ್ಮನ್ನ ನಂಬ್ತೀನಿ. ಆದ್ರೆ ತುಟಿ ನೋಡಿ ಓದಿದ್ವಿ ಅಂದ್ರೆ ಕೋರ್ಟು ನಗುತ್ತೆ."

"ನಗಲಿ ಬಿಡಪ್ಪ. ಶೆಡ್ಡಿನವರು ಎಷ್ಟು ಜನ ಓದಿದ್ದಾರೆ ಗೊತ್ತಾ?"

"ಎಷ್ಟು ಜನ ಬಂದು ಹೇಳ್ತಾರೆ?"

ನಾನೇ ಹೇಳ್ತೀನಾ?

"ಅವತ್ತಿನ ಬಾಗಿಲನ್ನ ಆಮೇಲೆ ಹಿಡಿಯೋಣ. ಇವತ್ತು ಆ ಬಾಗಿಲಿಗೆ ಬೀಗ ಇದೆಯಾ ಇಲ್ವಾ, ಅದನ್ನ ಮೊದಲು ತಿಳ್ಕೊಳ್ಳಿ" ಅಂದ. ಸರಿಯಾದ ಮಾತು. ತಿಳಿದುಕೊಳ್ಳೋಕೇ ನನಗೆ ಭಯ ಅಂತ ಹೇಳಲಿಲ್ಲ.


ಮಾರ್ಚ್ 20, ಗುರುವಾರ, ಬೆಳಗ್ಗೆ

ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಬಾಗಿಲು ತೆರೆದರೆ ಮೇಸ್ತ್ರಿ. ಒಳಗೆ ಬಾ ಅನ್ನಲಿಲ್ಲ, ಅವನೂ ಬರಲಿಲ್ಲ. ಓಣಿಯಲ್ಲಿ ನಲ್ಲಿ ಹತ್ತಿರ ಜನ. ಅವರಿಗೆ ಕೇಳಿಸಬಾರದಂತ ತುಟಿಮಾತಿನಲ್ಲೇ ಮಾತಾಡಿದ. ಇಬ್ಬರು ದೊಡ್ಡವರು ಹೊಸ್ತಿಲ ಆಚೆ ಈಚೆ ನಿಂತು ಮೀನಿನ ಹಾಗೆ ಬಾಯಾಡಿಸಿದೆವು.

"ನೀನು ಏನೂ ನೋಡಿಲ್ಲ."

ಬಾಗಿಲು ಅರ್ಧ ಎಳೆದುಕೊಂಡೆ.

"ಸೋಮವಾರದಿಂದ ಹುಡುಗೀನ ಕೆಳಗೆ ಹಾಕಿಸ್ತೀನಿ. ನಿನ್ನ ಪಕ್ಕದ ಮಗ್ಗ. ಕೆಪ್ಪಕ್ಕನದು."

"ಯಾಕೆ ಕೆಳಗೆ?"

ಅವನು ಓಣಿ ಕಡೆ ನೋಡಿದ. ತುಟಿ ಅಲುಗಿತು, ಮಾತಾಗಲಿಲ್ಲ. ಮತ್ತೆ — "ಕೆಳಗಿದ್ದರೆ ಒಳ್ಳೇದು. ಅಷ್ಟು ತಿಳ್ಕೋ."

ತಿಳಿಯಿತು. ಬೀಗ ಇದೆ. ಕೈ ಇವನ ಹತ್ತಿರವೇ ಇದೆ. ಇಪ್ಪತ್ತು ವರ್ಷದಿಂದ.

ಅವನ ಗಡ್ಡದ ಬಿಳಿ ಕೂದಲು ಬೆವರಿಗೆ ಒದ್ದೆಯಾಗಿತ್ತು. ಹೆದರಿದ್ದಾನೆ. ಹೆದರಿದವನಷ್ಟು ಅಪಾಯ ಬೇರೆ ಇಲ್ಲ.

ಕೂಗಬೇಕಿತ್ತು. ನಲ್ಲಿ ಹತ್ತಿರದವರನ್ನೆಲ್ಲ ಕರೆಯಬೇಕಿತ್ತು. ವೇದಿಕೆ ಮೇಲೆ ಎಷ್ಟು ಭಾಷಣ ಮಾಡಿದ್ದೇನೆ, ಎಷ್ಟು ಘೋಷಣೆ ಬರೆದಿದ್ದೇನೆ. ಹೂಂ ಅಂದೆ. ತಲೆ ಕೂಡ ಆಡಿಸಿದೆ.


ಮಾರ್ಚ್ 24, ಸೋಮವಾರ

ಹುಡುಗಿ ಕೆಳಗೆ ಬಂದಳು. ಖುಷಿ. "ಮೇಲೆ ನನ್ನ ಜಾಗಕ್ಕೆ ಹೊಸಬಳು ಬಂದಿದ್ದಾಳೆ ದೊಡ್ಡಮ್ಮ, ಪಾಪ, ಇಸ್ತ್ರಿಗೆ ಹೆದರ್ತಾಳೆ." ತುಟಿಮಾತು ಕಲೀತಿದ್ದಾಳೆ. ಎಳೆ ಕಡಿದರೆ ಹೇಗೆ ಹೇಳೋದು, ನೀರು ಬೇಕಾದರೆ ಹೇಗೆ. ಅವಳ ತುಟಿ ನಿಧಾನ, ಮಗು ಮೊದಲ ಮಾತಾಡಿದ ಹಾಗೆ.

ಮೇಸ್ತ್ರಿ ದೂರದಿಂದ ನೋಡಿದ. ನಾನು ಕಣ್ಣು ತಗ್ಗಿಸಿದೆ.

ಕೆಪ್ಪಕ್ಕನ ಮನೆಗೆ ಹೋಗಲಿಲ್ಲ. ಅವಳ ಮಗ್ಗದಲ್ಲಿ ನಮ್ಮ ಹುಡುಗಿ ನಿಂತಿದ್ದಾಳೆ ಅಂತ ಯಾವ ಬಾಯಲ್ಲಿ ಹೇಳಲಿ.


ಮಾರ್ಚ್ 26, ಬುಧವಾರ

ಎಲ್ಲರೂ ಬದುಕಿದ್ದಾರೆ. ಮೊದಲು ಅದನ್ನು ಬರೀತೀನಿ. ಎಲ್ಲರೂ ಬದುಕಿದ್ದಾರೆ.

ಊಟದ ಬಿಡುವಿನ ನಂತರ. ಶೆಡ್ಡಿನ ಆ ತುದಿಯವಳ ಬಾಯಿ ಅಗಲವಾಯ್ತು. ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಇಲ್ಲಿಗೆ — ಹೊಗೆ. ಮೇಲೆ. ಹೊಗೆ. ಮಗ್ಗಗಳು ಓಡ್ತಾನೇ ಇದ್ದವು, ಬಾಯಿಂದ ಬಾಯಿಗೆ ಅದು ನಮ್ಮ ಕಡೆ ಬರ್ತಿತ್ತು, ಸದ್ದಿಲ್ಲದೆ. ಗಂಟೆ ಹೊಡೆದರಂತೆ. ನಮಗ್ಯಾರಿಗೂ ಕೇಳಲಿಲ್ಲ.

ನನಗೆ ಮೊದಲು ಅನ್ನಿಸಿದ್ದು ಏನು? ನನ್ನದು ಇಲ್ಲೇ ಇದೆ. ಪಕ್ಕದಲ್ಲೇ ಇದೆ. ಎದೆ ಹಗುರಾಯ್ತು. ಸುಳ್ಳು ಬರೆಯೋಕೆ ಇಲ್ಲಿ ಯಾರಿದ್ದಾರೆ — ಹಗುರಾಯ್ತು.

ಹುಡುಗಿ ಸೂರು ನೋಡುತ್ತಿದ್ದಳು. ಆಮೇಲೆ ನನ್ನನ್ನು. ಕರೆಂಟು ಹೋಯ್ತು, ಮಗ್ಗ ನಿಂತವು. ಆ ನಿಶ್ಶಬ್ದದಲ್ಲೂ ಅವಳು ದನಿ ತೆಗೆಯಲಿಲ್ಲ. ಎರಡು ದಿನದಲ್ಲಿ ಕಲಿತ ತುಟಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ — "ದೊಡ್ಡಮ್ಮ. ನಿಂಗೆ. ಗೊತ್ತಿತ್ತಾ?"

ಓಡಿದೆ. ಹಿಂದಿನ ಮೆಟ್ಟಿಲು. ನನಗಿಂತ ಮುಂಚೆ ಅವಳು. ಬಾಗಿಲಿಗೆ ಬೀಗ, ನಮ್ಮ ಕಡೆಯಿಂದ. ಅಂಗೈ ಇಟ್ಟೆ. ಒಳಗಿನಿಂದ ಬಡಿತ. ಕಬ್ಬಿಣದಲ್ಲಿ ಅವರ ಮುಷ್ಟಿ ಒಂದೊಂದೂ ನನ್ನ ಅಂಗೈಗೆ ಬಂತು. ನನ್ನ ತಂಗಿಯೂ ಹೀಗೇ ಬಡಿದಿರಬೇಕು. ಆವಾಗ ಈ ಕಡೆ ಅಂಗೈ ಇಡೋಕೆ ಯಾರೂ ಇರಲಿಲ್ಲ.

ಹುಡುಗಿ ಬೀಗವನ್ನು ಕೈಯಲ್ಲೇ ಎಳೀತಿದ್ದಳು. ಉಗುರು ಕಿತ್ತು ರಕ್ತ ಬಂದಿತ್ತು.

ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ. ಅವಸರದಲ್ಲಿ ಬೀಗದ ಕೈ ಜಾರಿ ಕೆಳಗೆ ಬಿತ್ತು. ನಾನು ಎತ್ತಿ ಕೊಟ್ಟೆ. ತೆರೆದ. ಬಾಗಿಲ ಜೊತೆಗೇ ಮೂಟೆಗಳು ಉರುಳಿ ಬಂದವು, ಅದರ ಮೇಲೆ ಹುಡುಗಿಯರು, ಹೊಗೆ, ಕೆಮ್ಮು, ವಾಂತಿ. ಹೊಸಬಳನ್ನು ಹೊತ್ತು ಇಳಿಸಿದರು. ಉಸಿರಿತ್ತು. ಕಣ್ಣು ಬಿಟ್ಟಳು.

ಮುಂದಿನ ಬಾಗಿಲ ಪಕ್ಕದ ಇಸ್ತ್ರಿ ಯಂತ್ರದ ಮೋಟಾರು ಸುಟ್ಟದ್ದು. ಬಟ್ಟೆಗೆ ಹತ್ತಲಿಲ್ಲ. ಹತ್ತಿದ್ದರೆ...

ಮನೆಗೆ ಬಂದ ಮೇಲೆ ಹುಡುಗಿಗೆ ಎಲ್ಲ ಹೇಳಿದೆ. ಫಿಲ್ಮು, ಮೇಸ್ತ್ರಿ, ಹೊಸ್ತಿಲು, ನನ್ನ ಹೂಂ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

"ಆ ಹೊಸಬಳಿಗೂ ದೊಡ್ಡಮ್ಮ ಇರ್ತಾರೆ" ಅಂದಳು. ಅಷ್ಟೇ ಅಂದದ್ದು.


ಮಾರ್ಚ್ 27, ಗುರುವಾರ

ನೋಟೀಸು ಹಾಕಿದ್ದಾರೆ. ಗೇಟಿನ ಒಳಗೆ, ಕಲ್ಲು ಬೇಡ ಅಂದ ಜಾಗದಲ್ಲೇ. ಓದಿದೆ. "ನಿನ್ನೆಯ ಸಣ್ಣ ಅಡಚಣೆಯ ಸಮಯದಲ್ಲಿ ಹಿಂದಿನ ಬಾಗಿಲು ತೆರೆದಿತ್ತು. ಕೆಲವರು ಗಾಬರಿಯಾಗಿ ದಾರಿ ತಪ್ಪಿದ್ದಾರೆ." ಹೊಸ ಪಾಠ ಹುಡುಕೋ ತೊಂದರೆ ಕೂಡ ತಗೊಂಡಿಲ್ಲ.

ಸಭೆ ಕರೆಯೋಣ ಅಂತ ಮೊದಲು ಕೆಪ್ಪಕ್ಕನ ಮನೆಗೆ ಹೋದೆ. ಬೈಸಿಕೊಂಡೆ. ಚೆನ್ನಾಗಿ ಬೈದಳು, ದನಿ ತೆಗೆದು, ಓಣಿಗೆಲ್ಲ ಕೇಳೋ ಹಾಗೆ. ಆಮೇಲೆ ಚಹಾ ಕೊಟ್ಟಳು. "ಯಾವಾಗ ಸಭೆ? ನನ್ನ ಬಿಟ್ಟು ಮಾಡಿದ್ರೆ ಕಾಲು ಮುರೀತೀನಿ." ಆಮೇಲೆ ಕಾರ್ಯದರ್ಶಿ. ಸಾಕ್ಷಿ ಹೇಳೋಕೆ ಎಷ್ಟು ಜನ ಅಂತ ಅವನು ಮತ್ತೆ ಕೇಳಿದ. ಒಬ್ಬಳು ಅಂತ ಬರ್ಕೋ, ಮಿಕ್ಕದ್ದು ಸಭೆಯಲ್ಲಿ ನೋಡೋಣ ಅಂದೆ.

ಪಾಳಿ ನಡುವೆ ನೂಲಿನ ಪೆಟ್ಟಿಗೆ ಮೇಲೆ ಹತ್ತಿ ನಿಂತೆ, ಎಲ್ಲರಿಗೂ ಮುಖ ಕಾಣೋ ಹಾಗೆ. ಇಷ್ಟು ಹೆದರಿಕೆ ಹುಟ್ಟಿದಾಗಿನಿಂದ ಆಗಿಲ್ಲ. ಹುಡುಗಿ ಪೆಟ್ಟಿಗೆ ಅಲುಗದ ಹಾಗೆ ಹಿಡಿದಿದ್ದಳು.

ತುಟಿ ಬಿಡಿಸಿ ಹೇಳಿದೆ. ಪರದೆ ಮೇಲೆ ನಾವೆಲ್ಲ ಓದಿದ್ದು. ನೀವೂ ಓದಿದ್ದೀರಿ. ಬೀಗ ಅವತ್ತೂ ಇತ್ತು, ನಿನ್ನೆಯೂ ಇತ್ತು. ನನಗೆ ಗೊತ್ತಾಗಿ ಆರು ದಿನ ಬಾಯಿ ಮುಚ್ಚಿಕೊಂಡಿದ್ದೆ, ನನ್ನವಳೊಬ್ಬಳನ್ನು ಕೆಳಗಿಳಿಸಿಕೊಂಡೆ. ಉಗಿಯೋದಿದ್ದರೆ ಸಭೆಗೆ ಬಂದು ಉಗೀರಿ.

ಯಾರೂ ಮಗ್ಗ ನಿಲ್ಲಿಸಲಿಲ್ಲ. ಆದರೆ ಮುಖಗಳು ತಿರುಗಿದವು. ಒಂದು ಸಾಲು, ಇನ್ನೊಂದು ಸಾಲು. ಒಬ್ಬಳ ತುಟಿ ಅಲುಗಿತು — "ನಾನೂ ಓದಿದೆ." ಆಚೆಯವಳು — "ನಾನೂ."

ಸಾಲಿನ ಕೊನೆಯಲ್ಲಿ ಮೇಸ್ತ್ರಿ. ಮೊದಲಿನಿಂದ ಅಲ್ಲೇ ಇದ್ದ. ಅವನಿಗೆ ಕಾಣಲಿ ಅಂತಲೇ ಅವನ ಕಡೆ ಮುಖ ಮಾಡಿ ನಿಂತದ್ದು. ಒಂದಕ್ಷರ ಬಿಡದೆ ಓದಿದ. ಆಫೀಸಿನ ಕಡೆ ಓಡ್ತಾನೆ ಅಂದುಕೊಂಡೆ. ಓಡಲಿಲ್ಲ. ಎರಡೂ ಕೈ ಜೇಬಿನಲ್ಲಿ. ಆಮೇಲೆ ತುಟಿ ಬಿಡಿಸಿದ, ಮಗ್ಗದವನ ಹಾಗೆ.

"ಎಷ್ಟು ಗಂಟೆಗೆ?"

ಬರೋಕೆ ಕೇಳಿದನೋ, ಆಫೀಸಿಗೆ ಹೇಳಿಕೊಡೋಕೆ ಕೇಳಿದನೋ, ಗೊತ್ತಿಲ್ಲ. ಈಗಲೂ ಗೊತ್ತಿಲ್ಲ. ಆದರೂ ಹೇಳಿದೆ, ಎಲ್ಲರಿಗೂ ಹೇಳಿದ ಹಾಗೇ, ಬಿಡಿಸಿ ಬಿಡಿಸಿ. ಹಿಂದಿನ ಮೆಟ್ಟಿಲು, ಬಾಗಿಲ ಮುಂದೆ. ಎರಡೂ ಪಾಳಿಯವರು. ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ.